ಕಾಸರಗೋಡಿನ ವಿಳಾಸ, ಮಂಗಳೂರಿನ ಡಿಗ್ರಿ: ವಿದೇಶದ ಕೆಲಸಕ್ಕೆ ಮೊದಲು ಯಾವ ಕಾಗದ, ಯಾವ ದೇಶ?

ಬದಿಯಡ್ಕ_ಓದುಗ
ಒಂದೇ ಮನೆಯ ಇಬ್ಬರ ವಿಷಯ ಕೇಳಲಿಕ್ಕುಂಟು. ತಂಗಿ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದ್ದು. ಪದವಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದು, ರಿಜಿಸ್ಟ್ರೇಶನ್ ಕರ್ನಾಟಕ ನರ್ಸಿಂಗ್ ಕೌನ್ಸಿಲಿನದ್ದು. ಈಗ ಕಾಸರಗೋಡಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಕೆಲಸ. ತಮ್ಮ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್, 2017ರಲ್ಲಿ ಮುಗಿದದ್ದು, ಆಮೇಲೆ ಡಿಸೈನ್ ಕೆಲಸ. ಏಜೆಂಟ್ ಒಬ್ಬರು "ನರ್ಸಿಗೆ ಜರ್ಮನಿ ವೀಸಾ, ಭಾಷೆ ಅಲ್ಲಿ ಹೋಗಿ ಕಲಿತರೆ ಸಾಕು, ನಾಲ್ಕೂವರೆ ಲಕ್ಷ, ಆರು ತಿಂಗಳು" ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ? ಇಬ್ಬರೂ ಯಾವುದರಿಂದ ಶುರು ಮಾಡಬೇಕು?

ಕುಂಬಳೆ_ನರ್ಸಿಂಗ್
ಏಜೆಂಟರ ವಿಷಯ ಆಮೇಲೆ. ಮೊದಲು ತಂಗಿಯ ರಿಜಿಸ್ಟ್ರೇಶನ್ ನೋಡಿ. ಕರ್ನಾಟಕದ ರಿಜಿಸ್ಟ್ರೇಶನ್ ಇಟ್ಟುಕೊಂಡು ಕೇರಳದ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲೂ ಹೆಸರು ದಾಖಲಾಗಿರಬೇಕು. ಅದಕ್ಕೆ ಕರ್ನಾಟಕ ಕೌನ್ಸಿಲಿನಿಂದ ಎನ್‌ಒಸಿ ತಂದು ಕೊಡಬೇಕು. ನಮ್ಮ ಕಡೆಯ ನರ್ಸುಗಳಲ್ಲಿ ಇದನ್ನು ಮಾಡಿಸದವರು ಬಹಳ ಮಂದಿ. ಇಲ್ಲಿ ಇರುವಷ್ಟು ದಿನ ಯಾರೂ ಕೇಳುವುದಿಲ್ಲ. ಹೊರದೇಶದ ಪ್ರಾಧಿಕಾರ ಮಾತ್ರ ಅನುಭವ ಪತ್ರದಲ್ಲಿರುವ ತಾರೀಕನ್ನೂ ಲೈಸೆನ್ಸಿನ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಲೈಸೆನ್ಸ್ ಇಲ್ಲದ ಅವಧಿಯ ಅನುಭವ ಲೆಕ್ಕಕ್ಕೆ ಬಾರದೆ ಹೋಗಬಹುದು.

ಎರಡು ಕೌನ್ಸಿಲಿನಲ್ಲಿ ಹೆಸರಿದ್ದರೆ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್, ಅಂದರೆ ರಿಜಿಸ್ಟ್ರೇಶನ್ ಚಾಲ್ತಿಯಲ್ಲಿದೆ, ದೂರಿಲ್ಲ ಎಂಬ ಪತ್ರ, ಎರಡರಿಂದಲೂ ಬೇಕಾಗುತ್ತದೆ. ಅದಕ್ಕೆ ಆಯುಷ್ಯ ಕಮ್ಮಿ, ಈಗಲೇ ತೆಗೆದಿಡಬೇಡಿ.

ಈಗಲೇ ತೆಗೆದಿಡಬೇಕಾದದ್ದು ಟ್ರಾನ್ಸ್‌ಕ್ರಿಪ್ಟ್. ಅಂಕಪಟ್ಟಿ ಬೇರೆ, ಇದು ಬೇರೆ. ನಾಲ್ಕು ವರ್ಷದಲ್ಲಿ ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್ ಎಂದು ಕಾಲೇಜಿನ ಸಹಿ, ಮೊಹರಿನೊಂದಿಗೆ ಇರಬೇಕು. ಜರ್ಮನಿಗೆ ಇದೇ ಪ್ರಾಣ. ವೃದ್ಧರ ಆರೈಕೆ, ಮನೋರೋಗ, ಮಕ್ಕಳ ವಾರ್ಡು, ಒಂದೊಂದಕ್ಕೂ ಗಂಟೆ ಬೇರೆ ಬೇರೆ ಕಾಣಬೇಕು. "ಕ್ಲಿನಿಕಲ್ ಒಟ್ಟು ಇಷ್ಟು" ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಅಲ್ಲಿನ ಅಧಿಕಾರಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಕೊರತೆ ಹೆಚ್ಚು ತೋರಿಸುತ್ತಾರೆ, ಹೆಚ್ಚುವರಿ ತರಬೇತಿಯೂ ಉದ್ದವಾಗುತ್ತದೆ.

ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ ಅಥವಾ "ಈಗಲೂ ಕೆಲಸದಲ್ಲಿದ್ದಾರೆ" ಎಂಬ ಮಾತು, ಹುದ್ದೆ, ವಿಭಾಗ, ಆಸ್ಪತ್ರೆಯ ಬೆಡ್ ಸಂಖ್ಯೆ, ಪೂರ್ಣಾವಧಿ ಎಂಬ ಶಬ್ದ ಇರಲಿ. ಸಹಿ ಹಾಕಿದವರ ಹೆಸರು, ಹುದ್ದೆ, ಆಸ್ಪತ್ರೆಯ ಅಧಿಕೃತ ಇಮೇಲ್ ಸಹ ಬೇಕು.

ಉಪ್ಪಳ_ದಾಖಲೆ
ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟ್ ಅಸಲಿ ಎಂದು ಸರಕಾರ ಹಾಕುವ ಮೊಹರಿನ ವಿಷಯದಲ್ಲಿ ಗಡಿಯವರಾದ ನಮಗೆ ಇರುವ ಗೊಂದಲ ಬೇರೆಯವರಿಗಿಲ್ಲ. ಸೂತ್ರ ಇಷ್ಟೆ: ನೀವು ಎಲ್ಲಿ ವಾಸ ಎಂಬುದು ಮುಖ್ಯ ಅಲ್ಲ, ಸರ್ಟಿಫಿಕೇಟ್ ಯಾವ ರಾಜ್ಯದಿಂದ ಬಂತು ಎಂಬುದು ಮುಖ್ಯ. ತಮ್ಮನ ಡಿಗ್ರಿ ಕೇರಳದ್ದು, ಹಾಗಾಗಿ ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸಿನ ದೃಢೀಕರಣ ಕೇಂದ್ರ. ತಿರುವನಂತಪುರ, ಎರ್ನಾಕುಲಂ, ಕಲ್ಲಿಕೋಟೆಯಲ್ಲಿ ಉಂಟು, ನಮಗೆ ಹತ್ತಿರ ಕಲ್ಲಿಕೋಟೆ. ತಂಗಿಯ ಡಿಗ್ರಿ ಕರ್ನಾಟಕದ್ದು, ಅದಕ್ಕೆ ಬೆಂಗಳೂರಿನಲ್ಲಿ ಕರ್ನಾಟಕ ಸರಕಾರದ ದೃಢೀಕರಣ. ಅವಳದ್ದೇ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಕೇರಳದ್ದಾದರೆ ಅವು ಕೇರಳದ ದಾರಿಯಲ್ಲೇ ಹೋಗಬೇಕು. ಒಬ್ಬರ ಕಾಗದ ಎರಡು ರಾಜ್ಯದಲ್ಲಿ ಓಡುತ್ತದೆ, ಸಮಯವನ್ನೂ ಹಾಗೆಯೇ ಇಟ್ಟುಕೊಳ್ಳಿ.

ರಾಜ್ಯದ್ದು ಆದ ಮೇಲೆ ವಿದೇಶಾಂಗ ಸಚಿವಾಲಯ. ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಹೇಗ್ ಒಪ್ಪಂದದಲ್ಲಿರುವ ಹೆಚ್ಚಿನ ದೇಶಗಳಿಗೆ ಸಚಿವಾಲಯ ಹಾಕುವ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಜರ್ಮನಿ ಮಾತ್ರ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ್ದರಿಂದ ಅಲ್ಲಿಗೆ ಅದು ನಡೆಯುವುದಿಲ್ಲ. ಗಲ್ಫಿನಲ್ಲಿ ಒಮಾನ್, ಬಹ್ರೇನ್ ಮೊದಲೇ ಇದ್ದವು, ಸೌದಿ 2022ರ ಡಿಸೆಂಬರಿನಿಂದ ಸೇರಿತು. ಯುಎಇ, ಕುವೈತ್, ಕತಾರ್ ಈ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಸಚಿವಾಲಯದ ಮೊಹರು, ಆಮೇಲೆ ಆ ದೇಶದ ರಾಯಭಾರ ಕಚೇರಿ, ಅಲ್ಲಿ ಮುಟ್ಟಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ.

ಲ್ಯಾಮಿನೇಶನ್ ಮಾಡಿಸಿದ ಸರ್ಟಿಫಿಕೇಟಿಗೆ ಮೊಹರು ಬೀಳುವುದಿಲ್ಲ. ಜೋಪಾನ ಆಗಲಿ ಎಂದು ಎಸ್ಸೆಸ್ಸೆಲ್ಸಿ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿದವರು ಎಷ್ಟೋ ಮನೆಯಲ್ಲಿದ್ದಾರೆ. ಅದನ್ನು ಮನೆಯಲ್ಲಿ ಬಿಡಿಸಲು ಹೋಗಬೇಡಿ, ಹರಿದರೆ ಡೂಪ್ಲಿಕೇಟಿಗೆ ತಿಂಗಳುಗಟ್ಟಲೆ ಕಾಯಬೇಕು.

ಬದಿಯಡ್ಕ_ಓದುಗ
ಇನ್ನೊಂದು. ತಂಗಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಡಿಗ್ರಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ. ತೊಂದರೆಯಾ?

ಉಪ್ಪಳ_ದಾಖಲೆ
ತೊಂದರೆಯೇ, ಆದರೆ ಸರಿಯಾಗುವಂಥದ್ದು. ಇನಿಷಿಯಲ್ ಹಿಂದೆಮುಂದೆ ಆದದ್ದಕ್ಕೆ ವಿಲ್ಲೇಜ್ ಆಫೀಸಿನ "ಒನ್ ಆ್ಯಂಡ್ ದ ಸೇಮ್" ಸರ್ಟಿಫಿಕೇಟ್ ಉಂಟು, ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಬಹುದು. ನಮ್ಮ ದೇಶದ ಕಚೇರಿಗಳಿಗೆ ಅದು ನಡೆಯುತ್ತದೆ. ಹೊರದೇಶದವರು ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ನೋಡುವುದು, ಹಾಗಾಗಿ ಪಾಸ್‌ಪೋರ್ಟಿನಲ್ಲೇ ಇನಿಷಿಯಲ್ ಬಿಡಿಸಿ, ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಕಾಲಂನಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ 2022ರ ನವೆಂಬರಿನಲ್ಲಿ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ತಡೆದದ್ದು ನೆನಪಿರಬಹುದು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ.

ಇದನ್ನು ಇಂಗ್ಲಿಷಿನ ಐಇಎಲ್‌ಟಿಎಸ್, ಜರ್ಮನ್ ಭಾಷೆಯ ಗೊಯ್ಥೆ, ಯಾವ ಪರೀಕ್ಷೆಗೂ ಹೆಸರು ನೋಂದಾಯಿಸುವ ಮೊದಲೇ ಮುಗಿಸಿ. ಪರೀಕ್ಷೆಯ ಸರ್ಟಿಫಿಕೇಟಿನಲ್ಲಿ ಹಳೆ ಹೆಸರು ಬಂದರೆ ಅದನ್ನು ಹೊಂದಿಸುವ ಕೆಲಸ ಇನ್ನೂ ಕಷ್ಟ. ಕಾಸರಗೋಡಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಪಯ್ಯನ್ನೂರು ನೋಡಿ, ಎರಡೂ ಕಲ್ಲಿಕೋಟೆ ಕಚೇರಿಯ ಕೆಳಗೆ ಬರುವುದು.

ಮುಳ್ಳೇರಿಯ_ಜರ್ಮನ್
ಈಗ ಏಜೆಂಟ್ ಹೇಳಿದ ಮಾತು. ಭಾಷೆ ಇಲ್ಲದೆ ನರ್ಸ್ ಆಗಿ ಜರ್ಮನಿ ಇಲ್ಲ. ಪೂರ್ಣ ಮಾನ್ಯತೆಗೆ, ಅಂದರೆ ಇಲ್ಲಿನ ಡಿಗ್ರಿಯನ್ನು ಅಲ್ಲಿನ ನರ್ಸಿಂಗ್‌ಗೆ ಸಮ ಎಂದು ಒಪ್ಪಿಸಲಿಕ್ಕೆ, ಸಾಮಾನ್ಯವಾಗಿ ಬಿ2 ಬೇಕು. ಭಾಷೆಯ ಮಟ್ಟ ಎ1, ಎ2, ಬಿ1, ಬಿ2 ಎಂದು ಮೇಲಕ್ಕೇರುತ್ತದೆ. ಬಿ1 ಇಟ್ಟುಕೊಂಡು ಹೋಗಿ, ಮಾನ್ಯತೆಯ ಉಳಿದ ಭಾಗವನ್ನು ಅಲ್ಲಿ ಮುಗಿಸುವ ದಾರಿ ಜರ್ಮನಿಯ ವಾಸ್ತವ್ಯ ಕಾಯ್ದೆಯ 16ಡಿ ಕಲಮಿನಲ್ಲಿ ಉಂಟು. ಆದರೆ ಬಿ2 ಬರುವವರೆಗೆ ಸಹಾಯಕ ಹುದ್ದೆ, ಸಹಾಯಕರ ಸಂಬಳ. ರೋಗಿ, ಡಾಕ್ಟರು, ಎದುರಿನ ಶಿಫ್ಟಿನವರು, ಎಲ್ಲರೂ ಮಾತಾಡುವುದು ಜರ್ಮನ್, ಅದೂ ಆ ಊರಿನ ಆಡುಭಾಷೆಯಲ್ಲಿ. ಸಾಧ್ಯವಾದರೆ ಬಿ2 ಇಲ್ಲೇ ಮುಗಿಸಿ ಹೊರಡಿ ಎಂದೇ ನಾನು ಹೇಳುವುದು.

ಸಮಯದ ಅಂದಾಜಿಗೆ: ಬಿ2 ಮುಟ್ಟಲು 45 ನಿಮಿಷದ 600ರಿಂದ 800 ಪಾಠ ಬೇಕಾಗುತ್ತದೆ. ಡ್ಯೂಟಿ ಮಾಡಿಕೊಂಡು ಆರು ತಿಂಗಳಲ್ಲಿ ಇದು ಆಗುವ ಕೆಲಸ ಅಲ್ಲ, ಒಂದೂಕಾಲು ವರ್ಷ ಇಟ್ಟುಕೊಂಡರೆ ಮರ್ಯಾದೆಯ ಲೆಕ್ಕ. ಗೊಯ್ಥೆಯ ಬಿ1, ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಮಾಡ್ಯೂಲ್, ಪ್ರತಿಯೊಂದಕ್ಕೂ ನೂರರಲ್ಲಿ 60 ಬೇಕು. ಒಂದರಲ್ಲಿ ಬಿದ್ದರೆ ಆ ಒಂದನ್ನೇ ಪುನಃ ಕಟ್ಟಬಹುದು. ನಮ್ಮವರು ಹೆಚ್ಚು ಬೀಳುವುದು ಕೇಳುವಿಕೆ ಮತ್ತು ಬರವಣಿಗೆಯಲ್ಲಿ. ವ್ಯಾಕರಣ ಬಾಯಿಪಾಠ ಮಾಡಿಸುವ ಕ್ಲಾಸಿಗಿಂತ ದಿನಾ ಅರ್ಧ ಗಂಟೆ ಜರ್ಮನ್ ರೇಡಿಯೋ ಕೇಳಿಸುವ, ವಾರಕ್ಕೆರಡು ಪತ್ರ ಬರೆಸಿ ತಿದ್ದುವ ಕ್ಲಾಸು ಹುಡುಕಿ.

ಮಾನ್ಯತೆಯ ಅರ್ಜಿಯನ್ನು ಕೆಲಸ ಸಿಗುವ ರಾಜ್ಯದ ಪ್ರಾಧಿಕಾರಕ್ಕೇ ಹಾಕಬೇಕು, ಇಡೀ ಜರ್ಮನಿಗೆ ಒಂದೇ ಕಚೇರಿ ಎಂಬುದಿಲ್ಲ. ಡಿಗ್ರಿ, ಟ್ರಾನ್ಸ್‌ಕ್ರಿಪ್ಟ್, ರಿಜಿಸ್ಟ್ರೇಶನ್, ಅನುಭವ ಪತ್ರ, ಪಾಸ್‌ಪೋರ್ಟ್, ಜನನ ಪತ್ರ, ಎಲ್ಲದಕ್ಕೂ ಪ್ರಮಾಣಿತ ಅನುವಾದಕರಿಂದ ಜರ್ಮನ್ ಅನುವಾದ. ಜನನ ಪತ್ರ ಹಳೆಯ ಕೈಬರಹದ್ದಾದರೆ ಪಂಚಾಯತಿನಿಂದ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸಿಕೊಳ್ಳಿ, ಜರ್ಮನ್‌ಗೆ ಅನುವಾದ ಮಾಡಿಸುವುದು ಸುಲಭವಾಗುತ್ತದೆ. ಉತ್ತರವಾಗಿ ಬರುವುದು ಕೊರತೆಯ ಪಟ್ಟಿ ಇರುವ ಆದೇಶ. ಇದನ್ನು ತಿರಸ್ಕಾರ ಎಂದು ತಿಳಿದು ಹೆದರುವವರಿದ್ದಾರೆ. ಹಾಗಲ್ಲ. ಭಾರತದ ಹೆಚ್ಚಿನ ನರ್ಸುಗಳಿಗೆ ಬರುವುದು ಇದೇ, ವೀಸಾಕ್ಕೆ ಆಧಾರವೂ ಇದೇ. ಅಲ್ಲಿ ಹೋದ ಮೇಲೆ ಎರಡರಲ್ಲಿ ಒಂದು: ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ. ತರಬೇತಿಗೆ ಕೊನೆಯಲ್ಲಿ ಒಂದು ಸಂಭಾಷಣೆ ಮಾತ್ರ, ಆದರೆ ಉದ್ದ. ಪರೀಕ್ಷೆಗೆ ಮೌಖಿಕವೂ ಉಂಟು, ವಾರ್ಡಿನಲ್ಲಿ ರೋಗಿಯನ್ನು ನೋಡಿಕೊಂಡು ತೋರಿಸುವುದೂ ಉಂಟು.

ಮಾಲೀಕರು ಮನಸ್ಸು ಮಾಡಿದರೆ 411 ಯೂರೋ ಕಟ್ಟಿ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ತ್ವರಿತ ಪ್ರಕ್ರಿಯೆ ಶುರು ಮಾಡಬಹುದು. ಸಂದರ್ಶನದಲ್ಲೇ ಕೇಳಿ, ಇದಕ್ಕೆ ನಾಚಿಕೆ ಬೇಡ. ವೀಸಾ ಶುಲ್ಕ 75 ಯೂರೋ. ಕೇರಳ, ಕರ್ನಾಟಕ ಎರಡೂ ಬೆಂಗಳೂರಿನ ಜರ್ಮನ್ ದೂತಾವಾಸದ ವ್ಯಾಪ್ತಿಯಲ್ಲೇ ಇರುವುದರಿಂದ ಈ ಒಂದು ವಿಷಯದಲ್ಲಿ ಗಡಿಯ ತಲೆಬಿಸಿ ಇಲ್ಲ.

ಹಣದ ಮಾತು: ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರಕಾರಿ ಸಂಸ್ಥೆಗಳೊಂದಿಗೆ ನರ್ಸ್ ನೇಮಕದ ಟ್ರಿಪಲ್ ವಿನ್ ಒಪ್ಪಂದ ಮಾಡಿಕೊಂಡಿದೆ. ಆಯ್ಕೆಯಾದವರಿಗೆ ಭಾಷೆಯ ತರಬೇತಿ, ನೇಮಕಾತಿ ಉಚಿತ. ನಾಲ್ಕೂವರೆ ಲಕ್ಷಕ್ಕೆ ಸಾಲ ತೆಗೆಯುವ ಮೊದಲು ಅದರ ಮುಂದಿನ ಬ್ಯಾಚಿನ ಪ್ರಕಟಣೆ ನೋಡಿ. ನೋರ್ಕಾದ ವಿದೇಶಿ ಭಾಷಾ ಸಂಸ್ಥೆ ತಿರುವನಂತಪುರದಲ್ಲೂ ಕಲ್ಲಿಕೋಟೆಯಲ್ಲೂ ಉಂಟು.

ಹೊಸಂಗಡಿ_ವಕಾಲತ್ತು
"ಉಚಿತ" ಎನ್ನುವ ಖಾಸಗಿ ನೇಮಕಾತಿಯಲ್ಲಿ ಒಪ್ಪಂದದ ಕೊನೆಯ ಪುಟ ಓದಿ. ಎರಡು, ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ ಭಾಷಾ ತರಬೇತಿ, ಅನುವಾದ, ವಿಮಾನ ಟಿಕೆಟಿನ ಹಣ ವಾಪಸು ಕೊಡಬೇಕೆಂಬ ಕಲಂ ಅಲ್ಲಿರುತ್ತದೆ. ಮೊತ್ತ ಎಷ್ಟು, ತಿಂಗಳು ಕಳೆದ ಹಾಗೆ ಅದು ಇಳಿಯುತ್ತದೋ ಇಲ್ಲವೋ, ಆಸ್ಪತ್ರೆಯೇ ಕೆಲಸದಿಂದ ತೆಗೆದರೆ ಏನು, ಈ ಮೂರು ಬರಹದಲ್ಲಿ ಸ್ಪಷ್ಟ ಇಲ್ಲದಿದ್ದರೆ ಸಹಿ ಬೇಡ. ಒಪ್ಪಂದದ ಜರ್ಮನ್ ಪ್ರತಿಗೂ ಇಂಗ್ಲಿಷ್ ಪ್ರತಿಗೂ ವ್ಯತ್ಯಾಸ ಬಂದರೆ ಯಾವುದು ನಿಲ್ಲುತ್ತದೆ ಎಂದೂ ಕೇಳಿ.

ಏಜೆಂಟರಿಗೆ ಕೊಡುವ ಹಣಕ್ಕೆ ಮಿತಿ ಉಂಟು. ವಲಸೆ ಕಾಯ್ದೆ 1983ರ ನಿಯಮದಂತೆ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ತೆಗೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಎರಡೂ ಸೇರಿ 35,400. ಅವರ ಲೈಸೆನ್ಸ್ ನಂಬರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹಾಕಿ ನೋಡಿದರೆ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಗೊತ್ತಾಗುತ್ತದೆ. ನಾಲ್ಕೂವರೆ ಲಕ್ಷವನ್ನು "ಕನ್ಸಲ್ಟೆನ್ಸಿ", "ಡಾಕ್ಯುಮೆಂಟೇಶನ್" ಎಂದು ಒಡೆದು ಬರೆಯುವುದು ಈ ಮಿತಿಯಿಂದ ತಪ್ಪಿಸಿಕೊಳ್ಳಲಿಕ್ಕೆ. ನಗದು ಕೊಡಬೇಡಿ. ಪಾಸ್‌ಪೋರ್ಟ್ ಅವರ ಕೈಯಲ್ಲಿ ಬಿಡಬೇಡಿ.

ಬದಿಯಡ್ಕ_ಓದುಗ
ತುಂಬಾ ಉಪಕಾರ ಆಯ್ತು. ಬ್ರಿಟನ್ ಹೇಗೆ? ತಂಗಿಗೆ ಇಂಗ್ಲಿಷ್ ಪರವಾಗಿಲ್ಲ, ಹೊಸ ಭಾಷೆ ಕಲಿಯುವ ಬದಲು ಅದೇ ಸುಲಭವೋ ಎಂದು ಮನೆಯಲ್ಲಿ ಮಾತು.

ಮಂಜೇಶ್ವರ_ಬ್ಯಾಂಡ್5
ಪರೀಕ್ಷೆ ಸುಲಭ, ಕೆಲಸ ಸಿಗುವುದು ಈಗ ಕಷ್ಟ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಗೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತಿಗೆ 7, ಬರವಣಿಗೆಗೆ 6.5. ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ ಆದರೆ ಬರವಣಿಗೆಗೆ 300, ಉಳಿದ ಮೂರಕ್ಕೆ 350. ವಾರ್ಡಿನ ಭಾಷೆ ಗೊತ್ತಿರುವ ನರ್ಸಿಗೆ ಒಇಟಿ ಹಿತ, ಅಲ್ಲಿ ಬರೆಯಬೇಕಾದ್ದು ರೋಗಿಯ ರೆಫರಲ್ ಪತ್ರ. ಆಮೇಲೆ ಕಂಪ್ಯೂಟರಿನಲ್ಲಿ ಸಿಬಿಟಿ ಇಲ್ಲಿಯೇ, ಒಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಅಲ್ಲಿ.

2025ರ ಜುಲೈ 22ರಿಂದ ಬ್ರಿಟನ್ನಿನ ನಿಯಮ ಬಹಳ ಬಿಗಿಯಾಯಿತು. ಹೊರದೇಶದಿಂದ ಕೇರ್ ವರ್ಕರ್ ನೇಮಕ ನಿಂತೇ ಹೋಯಿತು. ಇನ್ನೂ "ಕೇರ್ ವೀಸಾ ಉಂಟು" ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಸಾಮಾನ್ಯ ಸ್ಕಿಲ್ಡ್ ವರ್ಕರ್ ವೀಸಾದ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡಿಗೆ ಏರಿತು. ನರ್ಸುಗಳು ಬರುವುದು ಹೆಲ್ತ್ ಆ್ಯಂಡ್ ಕೇರ್ ವೀಸಾದಲ್ಲಿ, ಅಲ್ಲಿ ರಾಷ್ಟ್ರೀಯ ವೇತನ ಶ್ರೇಣಿ ಲೆಕ್ಕ. ಇಂಗ್ಲೆಂಡಿನಲ್ಲಿ ನರ್ಸುಗಳು ಶುರು ಮಾಡುವ ಶ್ರೇಣಿ ಬ್ಯಾಂಡ್ 5ರ ಆರಂಭ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್ ಇತ್ತು. ಈ ವೀಸಾದವರಿಗೆ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್‌ಚಾರ್ಜ್ ಇಲ್ಲ. ಕುಟುಂಬ ಕರೆದುಕೊಂಡು ಹೋಗುವವರಿಗೆ ಅದು ದೊಡ್ಡ ಉಳಿತಾಯ.

ವೀಸಾಕ್ಕಾಗಿ ಮಾಲೀಕರು ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಎಂಬುದು ಕಾಗದ ಅಲ್ಲ, ಒಂದು ನಂಬರು. ಅದನ್ನು ಮಾರಲಿಕ್ಕಿಲ್ಲ, ಕೊಳ್ಳಲಿಕ್ಕೂ ಇಲ್ಲ. ಕೊಟ್ಟ ಮೂರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಪರವಾನಗಿ ಇರುವ ಸ್ಪಾನ್ಸರುಗಳ ಪಟ್ಟಿ ಬ್ರಿಟನ್ ಸರಕಾರದ ಜಾಲತಾಣದಲ್ಲಿ ಎಲ್ಲರಿಗೂ ತೆರೆದೇ ಉಂಟು. ಬ್ಯಾಂಕಿನಲ್ಲಿ 1,270 ಪೌಂಡಿನಷ್ಟು ಹಣ 28 ದಿನ ಒಂದೇ ಸವನೆ ಇರಬೇಕು, ಮಾಲೀಕರೇ ಭರವಸೆ ಕೊಟ್ಟಿದ್ದರೆ ಬೇಡ. 27ನೇ ದಿನ ಯಾರಿಗೋ ಹತ್ತು ಸಾವಿರ ಕಳಿಸಿ ಮಿತಿಗಿಂತ ಕೆಳಗಿಳಿದರೆ ಲೆಕ್ಕ ಪುನಃ ಒಂದರಿಂದ. ಕ್ಷಯದ ಪರೀಕ್ಷೆ ಅವರು ಒಪ್ಪಿದ ಕೇಂದ್ರದಲ್ಲೇ ಆಗಬೇಕು.

ಖಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ಎಂಬ ಪ್ರಸ್ತಾವ 2025ರ ಮೇಯಲ್ಲಿ ಬಂದಿದೆ. ಅಲ್ಲೇ ನೆಲೆಸುವ ಆಸೆ ಇದ್ದರೆ ಜರ್ಮನ್ ಕಲಿಯುವ ಕಷ್ಟ ತೂಕಕ್ಕೆ ಹೆಚ್ಚು ಬೀಳಲಿಕ್ಕಿಲ್ಲ.

ಕುಂಬಳೆ_ನರ್ಸಿಂಗ್
ಗಲ್ಫ್ ಬಿಟ್ಟುಬಿಡಬೇಡಿ. ಐಸಿಯು ಅನುಭವಕ್ಕೆ ಅಲ್ಲಿ ಬೆಲೆ ಉಂಟು, ಸಮಯವೂ ಕಮ್ಮಿ. ಆದರೆ ಡೇಟಾಫ್ಲೋ ಎಂಬ ಪರಿಶೀಲನೆಯಲ್ಲಿ ಬಹಳ ಮಂದಿ ಸಿಕ್ಕಿ ಬೀಳುತ್ತಾರೆ. ಅವರು ನಿಮ್ಮ ಕಾಗದ ನಂಬುವುದಿಲ್ಲ, ಕಾಲೇಜು, ಕೌನ್ಸಿಲ್, ಆಸ್ಪತ್ರೆಗೆ ನೇರ ಬರೆದು ಕೇಳುತ್ತಾರೆ. ಆಸ್ಪತ್ರೆಯ ಎಚ್‌ಆರ್ ಆ ಇಮೇಲಿಗೆ ಉತ್ತರಿಸದಿದ್ದರೆ "ಪರಿಶೀಲಿಸಲಾಗಲಿಲ್ಲ" ಎಂದು ವರದಿ ಬರುತ್ತದೆ, ಹಣವೂ ಹೋಗುತ್ತದೆ. ಅರ್ಜಿ ಹಾಕುವ ವಾರವೇ ಎಚ್‌ಆರ್‌ನವರಿಗೆ ಹೇಳಿಡಿ, ಸ್ಪ್ಯಾಮಿನಲ್ಲೂ ನೋಡಲು ಹೇಳಿ.

ಗಲ್ಫ್ ಸೇರಿದ 18 ಇಸಿಆರ್ ದೇಶಗಳಿಗೆ, ಅಂದರೆ ವಲಸೆ ಅನುಮತಿ ಬೇಕಾದ ದೇಶಗಳಿಗೆ, ನರ್ಸ್ ನೇಮಕಾತಿಯನ್ನು 2015ರಲ್ಲಿ ಸರಕಾರಿ ಸಂಸ್ಥೆಗಳ ಮೂಲಕ ಎಂದು ಮಾಡಿದರು. ಕೇರಳದಲ್ಲಿ ನೋರ್ಕಾ ಮತ್ತು ರಾಜ್ಯ ಸರಕಾರದ್ದೇ ನೇಮಕಾತಿ ಸಂಸ್ಥೆ ಒಡೆಪೆಕ್ ಇದನ್ನು ನಡೆಸುತ್ತವೆ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಬದಲಿಸೋಣ ಎನ್ನುವ ಮಾತಿಗೆ ಒಪ್ಪಬೇಡಿ.

ಅಮೆರಿಕದ ಬಗ್ಗೆ ಒಂದೇ ಮಾತು: ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದರೂ ಭಾರತದವರಿಗೆ ಇಬಿ-3 ಎಂಬ ಗ್ರೀನ್ ಕಾರ್ಡ್ ಸರದಿ ವರ್ಷಗಟ್ಟಲೆ. ಪರೀಕ್ಷೆ ಬರೆದಿಡಬಹುದು, ಅದನ್ನೇ ನಂಬಿ ಕೂರಬಾರದು.

ಪೆರ್ಲ_ಮೆಕ್ಯಾನಿಕಲ್
ತಮ್ಮನಿಗೆ ಬರೆಯುತ್ತೇನೆ. 2017ರಲ್ಲಿ ಮುಗಿದದ್ದಾದರೆ ಡಿಗ್ರಿಯ ಮೇಲೆ ಕಣ್ಣೂರು ವಿಶ್ವವಿದ್ಯಾಲಯ ಎಂದಿರುತ್ತದೆ, ಕೇರಳದ ತಾಂತ್ರಿಕ ವಿಶ್ವವಿದ್ಯಾಲಯ ಕೆಟಿಯುಗೆ ಹೋದದ್ದು 2015ರಿಂದ ಸೇರಿದವರು. ವಿದೇಶಿ ಡಿಗ್ರಿಗಳನ್ನು ತೂಗುವ ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ಹುಡುಕಬೇಕಾದ್ದು ಎಲ್‌ಬಿಎಸ್ ಅಲ್ಲ, ಕಣ್ಣೂರು. ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ (ಮಾನ್ಯ) ಎಂದೂ, ಪದವಿಗೆ ಸರಿಸಮ ಎಂದೂ ಎರಡೂ ಸಿಕ್ಕಿದರೆ ಪ್ರಿಂಟ್ ತೆಗೆದಿಡಿ. ಪದವಿ ಪಟ್ಟಿಯಲ್ಲಿಲ್ಲದಿದ್ದರೆ ಅಲ್ಲಿನ ಡಿಗ್ರಿ ಮೌಲ್ಯಮಾಪನ ಕಚೇರಿ ಝಡ್‌ಎಬಿಯಿಂದ ಹೋಲಿಕೆ ಪತ್ರ, ಶುಲ್ಕ 208 ಯೂರೋ. ಮೆಕ್ಯಾನಿಕಲ್ ಡಿಸೈನ್ ಅಲ್ಲಿ ನಿಯಂತ್ರಿತ ವೃತ್ತಿ ಅಲ್ಲ, ಹಾಗಾಗಿ ನರ್ಸುಗಳ ಹಾಗೆ ಲೈಸೆನ್ಸ್ ಬೇಡ.

ಪದವೀಧರರ ಕೆಲಸದ ಪರವಾನಗಿಯಾದ ಇಯು ಬ್ಲೂ ಕಾರ್ಡಿಗೆ ಸಂಬಳದ ಮಿತಿ 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು, ಕೊರತೆ ಇರುವ ವೃತ್ತಿಗಳಿಗೆ 43,759.80. ಇಂಜಿನಿಯರುಗಳು ಎರಡನೆಯದರಲ್ಲಿ ಬರುತ್ತಾರೆ. ಪ್ರತಿ ಜನವರಿಗೆ ಸಂಖ್ಯೆ ಬದಲಾಗುತ್ತದೆ, ಅರ್ಜಿಯ ವರ್ಷದ್ದು ನೋಡಿ. ಬ್ಲೂ ಕಾರ್ಡಿಗೆ ಭಾಷೆಯ ಶರತ್ತಿಲ್ಲ, ಆದರೆ ಬಿ1 ಇದ್ದರೆ ಖಾಯಂ ವಾಸ 27 ತಿಂಗಳ ಬದಲು 21ಕ್ಕೆ. ಮೆಕ್ಯಾನಿಕಲ್ ಕಂಪೆನಿಗಳಲ್ಲಿ ಶಾಪ್ ಫ್ಲೋರಿನ ಮಾತು ಜರ್ಮನ್ನೇ, ಸಂದರ್ಶನಕ್ಕೆ ಕರೆ ಬರಬೇಕಾದರೆ ಎ2 ಆದರೂ ರೆಸ್ಯೂಮೆಯಲ್ಲಿ ಇರಲಿ.

2024ರ ಜೂನ್ 1ರಿಂದ ಇರುವ ಅವಕಾಶ ಕಾರ್ಡು, ಅಂದರೆ ಚಾನ್ಸೆನ್‌ಕಾರ್ಟೆ, ಕೆಲಸ ಹುಡುಕಲು ಒಂದು ವರ್ಷ ಕೊಡುತ್ತದೆ, ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091ರಂತೆ 13,092 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಹಾಕಬೇಕಿತ್ತು. ಸಾಲ ಮಾಡಿ ಹಾಕುವ ಹಣ ಅದಲ್ಲ. ಇಲ್ಲಿಂದಲೇ ಸಂದರ್ಶನ ಮುಗಿಸಿ ಹೋಗುವುದು ಒಳ್ಳೆಯ ದಾರಿ.

ಆಸ್ಟ್ರೇಲಿಯಾಕ್ಕೆ ಎಂಜಿನಿಯರ್ಸ್ ಆಸ್ಟ್ರೇಲಿಯಾದ ಮೌಲ್ಯಮಾಪನ ಮೊದಲು. ಇಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಸೇರಿತು ಎಂದು ಎಲ್ಲ ಡಿಗ್ರಿಗೂ ಅದರ ಲಾಭ ಸಿಗುವುದಿಲ್ಲ. ಭಾರತದ ಕೋರ್ಸ್ ಮಾನ್ಯತಾ ಮಂಡಳಿ ಎನ್‌ಬಿಎಯ ಟಯರ್ 1 ಮಾನ್ಯತೆ ಆ ಕೋರ್ಸಿಗೆ, ಆ ವರ್ಷಕ್ಕೆ ಇರಬೇಕು. ಇಲ್ಲದಿದ್ದರೆ ಸಿಡಿಆರ್ ಎಂಬ ಸಾಮರ್ಥ್ಯದ ವರದಿ: ಮಾಡಿದ ಕೆಲಸದ ಮೂರು ವಿವರಣೆ, ಅಂದರೆ ಕೆರಿಯರ್ ಎಪಿಸೋಡ್, ತಲಾ 1,000ದಿಂದ 2,500 ಶಬ್ದ. "ನಮ್ಮ ತಂಡ ಮಾಡಿತು" ಎಂದು ಬರೆದರೆ ಅಂಕ ಇಲ್ಲ; ಯಾವ ಲೆಕ್ಕ ನಾನು ಮಾಡಿದೆ, ಯಾವ ವಸ್ತು ಏಕೆ ಆರಿಸಿದೆ ಎಂದು ಬರಬೇಕು. ಹಣ ಕೊಟ್ಟು ಬರೆಸಿದ ಸಿಡಿಆರ್ ನಕಲು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮುಂದಿನ ಅರ್ಜಿಗೂ ಅಡ್ಡಿ. ವೀಸಾಕ್ಕೆ ಕನಿಷ್ಠ 65 ಅಂಕ, ಕರೆ ಬರುವುದು ಅದಕ್ಕಿಂತ ಮೇಲಿನವರಿಗೆ.

ಕುವೈತ್ ಕಡೆ ನೋಡುವುದಾದರೆ 2018ರಿಂದ ಅಲ್ಲಿನ ಇಂಜಿನಿಯರ್ ಸೊಸೈಟಿ ಭಾರತದ ಡಿಗ್ರಿಗೆ ಎನ್‌ಬಿಎ ಮಾನ್ಯತೆ ಕೇಳುತ್ತದೆ. ಕಾಲೇಜಿಗೆ ಇದ್ದರೆ ಸಾಲದು, ಓದಿದ ವರ್ಷದಲ್ಲಿ ಆ ಬ್ರಾಂಚಿಗೆ ಇತ್ತೇ ನೋಡಿ.

ಬದಿಯಡ್ಕ_ಓದುಗ
ಕೆನಡಾ? ತಮ್ಮನ ಜತೆಯವರು ಅದನ್ನೇ ಹೇಳುತ್ತಾರೆ.

ಪೆರ್ಲ_ಮೆಕ್ಯಾನಿಕಲ್
2025ರ ಮಾರ್ಚ್ 25ರಿಂದ ಕೆನಡಾದ ಖಾಯಂ ವಾಸದ ಅಂಕ ಪದ್ಧತಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರಿನ ಅಂಕ ತೆಗೆದುಹಾಕಿದ್ದಾರೆ. ಹಾಗಾಗಿ "ಆಫರ್ ಲೆಟರ್ ಕೊಡಿಸುತ್ತೇವೆ, ಅಂಕ ಏರುತ್ತದೆ" ಎನ್ನುವವರಿಗೆ ಹಣ ಕೊಡಬೇಡಿ. ಅಂಕ ಏರಿಸಲು ಕೈಯಲ್ಲಿರುವುದು ಭಾಷೆ: ಕೆನಡಾದ ಭಾಷಾ ಮಟ್ಟದ ಅಳತೆ ಸಿಎಲ್‌ಬಿ 9 ಅಂದರೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ಕೇಳುವಿಕೆ 8, ಉಳಿದ ಮೂರು 7. ಅಲ್ಲಿಗೆ ಮುಟ್ಟಿದರೆ ಅನುಭವದ ಅಂಕವೂ ಜತೆಗೆ ಏರುತ್ತದೆ. ಭಾಷಾ ಫಲಿತಾಂಶಕ್ಕೆ ಎರಡು ವರ್ಷ, ಡಿಗ್ರಿ ಮೌಲ್ಯಮಾಪನಕ್ಕೆ ಐದು ವರ್ಷ ಆಯುಷ್ಯ. ಆಹ್ವಾನ ಬಂದರೆ 60 ದಿನದಲ್ಲಿ ಎಲ್ಲ ಕಾಗದ ಹಾಕಬೇಕು. ಕಣ್ಣೂರಿನಿಂದ ಟ್ರಾನ್ಸ್‌ಕ್ರಿಪ್ಟ್ ನೇರ ಮೌಲ್ಯಮಾಪನ ಸಂಸ್ಥೆಗೇ ಹೋಗಬೇಕಾದ್ದರಿಂದ ಅದನ್ನು ಆಹ್ವಾನ ಬರುವ ಮುಂಚೆಯೇ ಮುಗಿಸಿ.

ಉಪ್ಪಳ_ದಾಖಲೆ
ಓದುಗರೇ, ಇಬ್ಬರಿಗೂ ಒಂದೇ ಕ್ರಮ ಇಟ್ಟುಕೊಳ್ಳಿ. ಈ ತಿಂಗಳು ಪಾಸ್‌ಪೋರ್ಟಿನ ಹೆಸರು. ಅದರ ಜತೆಗೇ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ, ತಂಗಿಗೆ ಕೇರಳ ಕೌನ್ಸಿಲಿನ ರಿಜಿಸ್ಟ್ರೇಶನ್. ಆಮೇಲೆ ಭಾಷೆಗೆ ಸೇರುವುದು. ಅಟೆಸ್ಟೇಶನ್ ದೇಶ ನಿಗದಿ ಆದ ಮೇಲೆ, ಏಕೆಂದರೆ ಅಪೋಸ್ಟಿಲ್ ದಾರಿ ಬೇರೆ, ರಾಯಭಾರ ಕಚೇರಿಯ ದಾರಿ ಬೇರೆ. ಗುಡ್ ಸ್ಟ್ಯಾಂಡಿಂಗ್, ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಕೊನೆಗೆ. ತಂಗಿ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಪಾಸ್‌ಪೋರ್ಟ್ ಮಾಡಿಸಿದ್ದರೆ ವಿಳಾಸ ಅಲ್ಲಿಯದೇ ಇರಬಹುದು, ನೋಡಿ. ಹಾಗಿದ್ದರೆ ಹೆಸರು ತಿದ್ದಿಸುವ ಅರ್ಜಿಯಲ್ಲೇ ಬದಿಯಡ್ಕದ ವಿಳಾಸವನ್ನೂ ಹಾಕಿಸಿ, ಪೊಲೀಸ್ ಪರಿಶೀಲನೆ ಎರಡು ಜಿಲ್ಲೆಯಲ್ಲಿ ಓಡುವುದು ತಪ್ಪುತ್ತದೆ.

ಬದಿಯಡ್ಕ_ಓದುಗ
ನೋಡಿದೆ, ಹಾಸ್ಟೆಲಿನ ವಿಳಾಸವೇ ಇದೆ. ಹೆಸರು, ವಿಳಾಸ ಎರಡನ್ನೂ ಒಂದೇ ರೀ-ಇಶ್ಯೂ ಅರ್ಜಿಯಲ್ಲಿ ಹಾಕುತ್ತೇವೆ.